ಯಾರೂ ಬರೆದುಕೊಡದ ಮಾತ್ರೆ

2009ರ ಜುಲೈ 18, ಶನಿವಾರ. ಬೆಳಿಗ್ಗೆ ಕೊಚ್ಚಿಯ ಕಲೂರ್ ಬಸ್ ನಿಲ್ದಾಣದ ಸಮೀಪದ ಠಾಣೆಗೆ ಬಂದ ಮನುಷ್ಯ ಮೊದಲು ಮಲೆಯಾಳದಲ್ಲಿ ತಡವರಿಸಿದ, ಆಮೇಲೆ ಇಂಗ್ಲಿಷಿಗೆ ಹೊರಳಿದ. ಎರಡರಲ್ಲೂ ಅವನ ಸಿಟ್ಟು ನೆಟ್ಟಗೆ ಹೊರಬರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಕುಸುಮಾವತಿ ಅರ್ಜಿಯ ಕೆಳಗಿದ್ದ ಸಹಿ ನೋಡಿದಳು. ಕನ್ನಡದ ಸಹಿ.

"ಕನ್ನಡದಲ್ಲೇ ಹೇಳಿ. ನಂದು ಮಂಜೇಶ್ವರ."

ಅವನು ಕುರ್ಚಿಗೆ ಕುಸಿದು ಕೂತ. ಹೆಸರು ಸುಧನ್ವ, ಊರು ಕಾರ್ಕಳ, ಕೆಲಸ ಇಲ್ಲಿಯ ಐಟಿ ಪಾರ್ಕಿನಲ್ಲಿ. ಹೆಂಡತಿ ನಿಶಾ ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಅವಳಿಗೆ ಯಕೃತ್ತಿನಲ್ಲಿ ಹೆಪಟೈಟಿಸ್ ಬಿ ವೈರಸ್ ಇತ್ತು. ಕಳೆದ ವರ್ಷದಿಂದ ಟೆನೊಫೊವಿರ್ ಎಂಬ ಮಾತ್ರೆ ತಿಂದು ವೈರಸ್ ಹಿಡಿತಕ್ಕೆ ಬಂದಿತ್ತು. ಜೂನ್‌ನಲ್ಲಿ ಊರಿಗೆಲ್ಲ ಬಂದಂತೆ ಅವಳಿಗೂ ಚಿಕುನ್‌ಗುನ್ಯಾ ಬಂತು. ಜ್ವರ ಬಿಟ್ಟಿತು, ಗಂಟುನೋವು ಬಿಡಲಿಲ್ಲ. ಪ್ಯಾರಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಮಾತ್ರೆಯನ್ನೂ ಮುಟ್ಟಬಾರದು, ವೈರಸ್ಸಿನ ಮಾತ್ರೆಯ ಜೊತೆ ಅವು ಸೇರಿದರೆ ಮೂತ್ರಪಿಂಡ ಕೆಡುತ್ತದೆ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು. ಈಗ ನಿಶಾ ಆಸ್ಪತ್ರೆಯಲ್ಲಿದ್ದಳು. ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು. ರಕ್ತದಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸಿಕ್ಕಿತ್ತು.

"ಮೆಡಿಕಲ್ಲಿನವ ಪ್ಯಾರಸಿಟಮಾಲ್ ಅಂತ ಹೇಳಿ ಇದನ್ನು ಕೊಟ್ಟಿದ್ದಾನೆ ಮೇಡಂ. ನನ್ನ ಹೆಂಡತಿಯನ್ನು ಕೊಲ್ತಾ ಇದ್ದ."

"ನೋಡಿದ್ರಾ ನೀವು?"

"ಮತ್ತೆ ಹೇಗೆ ಹೋಗ್ತದೆ ಹೊಟ್ಟೆಗೆ? ನಮ್ಮನೆಯಲ್ಲಿ ಆ ಮಾತ್ರೆಯೇ ಇಲ್ಲ!"

ಆಸ್ಪತ್ರೆಯಿಂದಲೂ ಠಾಣೆಗೆ ಸೂಚನೆ ಬಂದಿತ್ತು. ನಿರ್ಲಕ್ಷ್ಯದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಕುಸುಮಾವತಿ ಟೋಪಿ ಎತ್ತಿಕೊಂಡು ಹೊರಟಳು. ತಿಂಗಳುಗಟ್ಟಲೆ ಬಂದೋಬಸ್ತಿನಲ್ಲಿ ನಿಂತು ಅವಳ ಬಲ ಹಿಮ್ಮಡಿ ಹಿಡಿದುಬಿಟ್ಟಿತ್ತು, ಜೀಪಿನವರೆಗೆ ಕುಂಟುತ್ತಲೇ ನಡೆದಳು. ಹಿಂದೆ ಕಾನ್‌ಸ್ಟೆಬಲ್ ಫಾತಿಮಾ. ಆಲುವಾದ ಹುಡುಗಿ, ಕನ್ನಡ ಬಾರದು. ಅವರಿಬ್ಬರ ಮಾತೆಲ್ಲ ಮಲೆಯಾಳದಲ್ಲೇ.

ಮೆಡಿಕಲ್ ಶಾಪಿನ ಮುಂದೆ ಕರ್ಕಾಟಕ ಮಾಸದ ಮದ್ದಿನ ಗಂಜಿಯ ಪೊಟ್ಟಣಗಳು ತೋರಣದಂತೆ ನೇತಾಡುತ್ತಿದ್ದವು. ಅಂಗಡಿಯ ಅಲ್ವಿನ್ ಪೊಲೀಸರನ್ನು ಕಂಡು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ.

"ನಿಶಾ ಎನ್ನುವವರಿಗೆ ಏನು ಕೊಟ್ಟೆ?"

"ಪ್ಯಾರಸಿಟಮಾಲ್, ಮೇಡಂ. ಬೇರೇನೂ ಆ ಚೇಚಿ ತೆಗೆದುಕೊಳ್ಳುವುದಿಲ್ಲ. ಒಮ್ಮೆ ನೋವಿಗೆ ಹಚ್ಚಿಕೊಳ್ಳಿ ಅಂತ ಮುಲಾಮು ಕೊಡಲು ಹೋದೆ. ಅದರೊಳಗೆ ಏನಿದೆ ಅಂತ ಮೊದಲು ಓದು ಅಂತ ಗಿರಾಕಿಗಳ ಮುಂದೆಯೇ ಬೈದರು." ಚೇಚಿ ಎಂದರೆ ಮಲೆಯಾಳದಲ್ಲಿ ಅಕ್ಕ.

"ಡೈಕ್ಲೋಫೆನಾಕ್ ಇಟ್ಟಿದ್ದೀಯಾ?"

"ಈ ಜ್ವರ ಬಂದ ಮೇಲೆ ಅದು ಅಕ್ಕಿಯ ಹಾಗೆ ಖರ್ಚಾಗ್ತದೆ ಮೇಡಂ. ಆದರೆ ಆ ಚೇಚಿಗೆ ಕೊಟ್ಟರೆ ನನ್ನ ತಲೆ ಉಳಿಯುತ್ತಿತ್ತಾ?"

ಅವನು ಹೆದರಿದ್ದ, ಆದರೆ ಸುಳ್ಳು ಹೇಳುವವರ ಹಾಗೆ ಅಲ್ಲ. ನಿಶಾಳಿಗೆ ಕೊಟ್ಟ ಬ್ಯಾಚಿನದೇ ಪ್ಯಾರಸಿಟಮಾಲ್ ಪಟ್ಟಿಯೊಂದನ್ನು ಮಾದರಿಗೆ ತೆಗೆದುಕೊಂಡು ಇಬ್ಬರೂ ಆಸ್ಪತ್ರೆಗೆ ಹೋದರು.

ಡಾಕ್ಟರ್ ಜಾಯ್ಸ್ ವಾರ್ಡಿನ ಹೊರಗೇ ನಿಂತು ವಿವರಿಸಿದರು. "ಆ ವೈರಸ್ಸಿನ ಮಾತ್ರೆ ಮೂತ್ರಪಿಂಡದ ದಾರಿಯಲ್ಲೇ ಹೊರಗೆ ಹೋಗಬೇಕು. ನೋವಿನ ಮಾತ್ರೆ ಅಲ್ಲಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತದೆ. ಹೊರಹೋಗಬೇಕಾದದ್ದು ಒಳಗೇ ನಿಂತರೆ ನಿಂತ ಜಾಗವನ್ನೇ ಕೆಡಿಸುತ್ತದೆ. ಒಬ್ಬೊಬ್ಬರೇ ಬಂದರೆ ಹೇಗೋ ಸುಧಾರಿಸಬಹುದು. ಇಬ್ಬರೂ ಸೇರಿ ಬಂದಿದ್ದಾರೆ."

"ಒಂದೆರಡು ಮಾತ್ರೆಯಿಂದ ಹೀಗಾಗುತ್ತದಾ?"

"ಇಲ್ಲ. ಇದು ದಿನವೂ ಹೋದದ್ದು."

ಡಯಾಲಿಸಿಸ್ ಮುಗಿಸಿ ಮಲಗಿದ್ದ ನಿಶಾಳ ಮುಖ ಊದಿಕೊಂಡಿತ್ತು. ಕುಸುಮಾವತಿ ಸ್ಟೂಲ್ ಎಳೆದು ಕೂತಳು.

"ನೋವು ತಡೆಯಲಾಗದೆ ಒಂದು ಮಾತ್ರೆ ತಿಂದಿರಬಹುದಲ್ಲ? ನಾನು ಗಂಡನಿಗೆ ಹೇಳುವುದಿಲ್ಲ."

"ಇಲ್ಲ ಮೇಡಂ. ನೋವಿನಲ್ಲಿ ಗೋಡೆ ಹಿಡಿದು ನಡೆದಿದ್ದೇನೆ. ಮಾತ್ರೆ ಮುಟ್ಟಲಿಲ್ಲ. ಅದೂ ಅಲ್ಲದೆ ಎರಡು ವಾರದಿಂದ ನೋವೇ ಇರಲಿಲ್ಲ. ಗುಣ ಆಯ್ತು ಅಂತ ಎಷ್ಟು ಖುಷಿಯಲ್ಲಿದ್ದೆ. ಆಗಸ್ಟಿಗೆ ಮಗಳನ್ನು ಕರ್ಕೊಂಡು ಬರುವುದು ಅಂತ ಆಗಿತ್ತು."

"ಬೇರೆ ಎಂತಾದರೂ ಮದ್ದು? ನಾಟಿ, ಆಯುರ್ವೇದ?"

"ಎಂತದೂ ಇಲ್ಲ."

"ಮಗಳು ಎಲ್ಲಿರುವುದು?"

ನಿಶಾ ಗೋಡೆಯ ಕಡೆ ನೋಡಿದಳು. ಮಗಳು ಚಿನ್ಮಯಿಗೆ ಐದು ವರ್ಷ. ತಾನು ಹಾಸಿಗೆ ಹಿಡಿದಾಗ, ಅಂದರೆ ಮಗುವಿಗೆ ಮೂರು ತುಂಬುವ ಮೊದಲೇ, ಗಂಡನ ಅಕ್ಕ ವಿಜಯಾ ಬಂದು ಅದನ್ನು ತಿರುವನಂತಪುರಕ್ಕೆ ಕರೆದುಕೊಂಡು ಹೋಗಿದ್ದಳು. ಅವಳಿಗೆ ಮಕ್ಕಳಿಲ್ಲ. ಮಗುವಿಗೆ ಚುಚ್ಚುಮದ್ದು ಆಗಿದೆ, ಕಾಯಿಲೆ ಹರಡುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ವಿಜಯಾಳಿಗೆ ಹೆದರಿಕೆ.

"ಅತ್ತಿಗೆ ಇಲ್ಲದಿದ್ರೆ ನಾವು ಮುಳುಗಿ ಹೋಗ್ತಿದ್ದೆವು. ಹಾಗಂತ ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ತೇನೆ." ನಿಶಾ ಮುಂದುವರಿಸಿದಳು, "ಮಗು ಅವರನ್ನು ಅಮ್ಮ ಅಂತದೆ. ನಾನು 'ಕೊಚ್ಚಿ ಅಮ್ಮ'. ಫೋನಿನಲ್ಲಿ 'ಅಮ್ಮಾ' ಅಂತ ಕೂಗಿದ್ದು ಕೇಳಿ ನಾನು 'ಹೇಳು ಪುಟ್ಟಾ' ಅಂದರೆ, ಅದು ಆಚೆ ಅಡುಗೆಮನೆಯಲ್ಲಿದ್ದವರನ್ನು ಕರೆದದ್ದು. ಹೊಟ್ಟೆಕಿಚ್ಚು ಅಂತ ತಿಳ್ಕೊಳ್ಬೇಡಿ ಮೇಡಂ." ಮತ್ತೆ ತಾನೇ ಅಂದಳು, "ತಿಳ್ಕೊಂಡರೂ ತಪ್ಪಿಲ್ಲ."

ಕುಸುಮಾವತಿಯ ಮಗನೂ ಮಂಜೇಶ್ವರದಲ್ಲಿ ಅವಳ ತಾಯಿಯ ಜೊತೆಗಿದ್ದ. ಫೋನ್ ಮಾಡಿದರೆ ಎರಡು ಮಾತಾಡಿ, "ಅಜ್ಜಿಗೆ ಕೊಡ್ತೇನೆ" ಅನ್ನುತ್ತಿದ್ದ. ಹಾಗೆ ಅಂದ ದಿನವೆಲ್ಲ ಅವಳಿಗೆ ಹೆತ್ತ ತಾಯಿಯ ಮೇಲೆಯೇ ಸಿಡುಕು.

ಮಧ್ಯಾಹ್ನ ಸುಧನ್ವನ ಫ್ಲಾಟಿನಲ್ಲಿ ಪಂಚನಾಮೆ ನಡೆಯಿತು. ಎದುರುಮನೆಯ ಜಲಜಾ ಚೇಚಿ ಮತ್ತು ಕಾವಲುಗಾರ ಪಂಚರು. ಮದ್ದಿನ ಡಬ್ಬಿ, ಕೈಚೀಲ, ದಿಂಬಿನಡಿ, ಕಸದ ಬುಟ್ಟಿ, ಎಲ್ಲವನ್ನೂ ಹುಡುಕಿದರು. ಸಿಕ್ಕಿದ್ದೆಲ್ಲ ಡಾಕ್ಟರು ಬರೆದುಕೊಟ್ಟದ್ದೇ. ನೋವಿನ ಮಾತ್ರೆಯ ಖಾಲಿ ಪಟ್ಟಿ ಕೂಡ ಇರಲಿಲ್ಲ.

ಸುಧನ್ವ ಅಡುಗೆಮನೆಯಿಂದ ಇಣುಕಿದ. "ಕಾಫಿಪುಡಿ ಮುಗಿದಿದೆ ಮೇಡಂ. ಕಷಾಯ ಆಗಬಹುದಾ?"

"ಆಗಬಹುದು. ನಾವೂ ಕಷಾಯದವರೇ."

ಕೆಂಪು ಮುಚ್ಚಳದ ಬಾಟಲಿಯಿಂದ ಪುಡಿ ಹಾಕಿ, ಬೆಲ್ಲ ಹಾಲು ಬೆರೆಸಿ ಕುದಿಸಿಕೊಟ್ಟ. ಕೊತ್ತಂಬರಿ, ಜೀರಿಗೆ, ಶುಂಠಿಯ ಪರಿಮಳಕ್ಕೆ ಕುಸುಮಾವತಿಗೆ ಮನೆ ನೆನಪಾಯಿತು. ಕೊನೆಯಲ್ಲಿ ಸ್ವಲ್ಪ ಕಹಿ. ಮೆಂತೆ ಜಾಸ್ತಿಯಾಗಿದೆ ಅಂದುಕೊಂಡು ಲೋಟ ಖಾಲಿ ಮಾಡಿದಳು. ಫಾತಿಮಾ ಮೂಗು ಮುರಿದು, "ಈ ಮಲ್ಲಿ ನೀರು ನನಗಾಗದು" ಎಂದು ಬರೀ ನೀರು ಕುಡಿದಳು. ಮಲೆಯಾಳದಲ್ಲಿ ಮಲ್ಲಿ ಎಂದರೆ ಕೊತ್ತಂಬರಿ.

ಅಲ್ಲಿಂದ ವರದಿ ಒಪ್ಪಿಸಲು ಎರ್ನಾಕುಲಂನ ಅಸಿಸ್ಟೆಂಟ್ ಕಮಿಷನರ್ ಕಚೇರಿಗೆ. ಕಚೇರಿ ಇದ್ದದ್ದು ಮೂರನೆಯ ಮಹಡಿಯಲ್ಲಿ. ಅರ್ಧ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಫಾತಿಮಾಳ ಏದುಸಿರು ಕೇಳಿತು.

"ಮೇಡಂ, ಪ್ರಮೋಷನ್ ಕೊಡ್ತಾರೆ ಅಂತ ಯಾರಾದರೂ ಹೇಳಿದರಾ? ಬೆಳಿಗ್ಗೆ ಕುಂಟುತ್ತಿದ್ದವರು ಈಗ ಓಡ್ತಿದ್ದೀರಿ!"

ಕುಸುಮಾವತಿ ಬಲಗಾಲನ್ನು ಮೆಟ್ಟಿಲ ಮೇಲೆ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. ನೋವೇ ಇರಲಿಲ್ಲ.

"ನಾನು ಇವತ್ತು ಏನೇನು ತಿಂದೆ, ಫಾತಿಮಾ?"

"ಕ್ಯಾಂಟೀನಿನ ದೋಸೆ. ಇಬ್ಬರೂ ತಿಂದೆವು. ಆಮೇಲೆ ನೀವು ಮಾತ್ರ ಆ ಮಲ್ಲಿ ನೀರು."

"ಅದು ಕಷಾಯ."

"ಅಂದರೆ ಮದ್ದಾ?"

"ಮದ್ದಲ್ಲ ಮಾರಾಯ್ತಿ, ಅದು ನಮ್ಮಲ್ಲಿ ಕಾಫಿಯ ಹಾಗೆ, ದಿನಾ…" ಅವಳ ಮಾತು ಅಲ್ಲಿಗೇ ನಿಂತಿತು. ಮದ್ದು ಎಂತಾದರೂ ತೆಗೆದುಕೊಂಡಿರಾ ಎಂದು ಡಾಕ್ಟರು ಕೇಳಿದ್ದರು, ಪೊಲೀಸರು ಕೇಳಿದ್ದರು, ನಿಶಾ ಇಲ್ಲ ಅಂದಿದ್ದಳು. ತನ್ನನ್ನು ಕೇಳಿದ್ದರೂ ತಾನು ಇಲ್ಲ ಅಂತಲೇ ಅನ್ನುತ್ತಿದ್ದಳು. ಕಷಾಯವನ್ನು ಯಾರು ಮದ್ದಿನ ಲೆಕ್ಕಕ್ಕೆ ಸೇರಿಸುತ್ತಾರೆ?

ಸಾಹೇಬರ ಕೋಣೆಗೆ ಹೋಗದೆಯೇ ಅವಳು ಕೆಳಗಿಳಿದಳು. ಅದೇ ಸಂಜೆ ಬಾಟಲಿಯನ್ನು ಪಂಚರ ಮುಂದೆ ಜಪ್ತಿ ಮಾಡಿ ಮೊಹರು ಹಾಕಿ, ರಾಸಾಯನಿಕ ಪ್ರಯೋಗಾಲಯಕ್ಕೆ ಕಳಿಸಿದಳು. ಆಸ್ಪತ್ರೆಯಲ್ಲಿ ನಿಶಾ ಕಣ್ಣರಳಿಸಿದಳು.

"ಕಷಾಯವಾ? ಕುಡಿತೇನಲ್ಲ, ದಿನಕ್ಕೆ ಮೂರು ಸಲ. ಅದು ಮದ್ದಾ ಮೇಡಂ?"

ಸುಧನ್ವನನ್ನು ಠಾಣೆಗೆ ಕರೆಸಿದರು.

"ಪುಡಿ ಯಾರು ಮಾಡುವುದು?"

"ಅಕ್ಕ. ಮಗುವನ್ನು ನೋಡಲಿಕ್ಕೆ ಹೋದವ ಭಾನುವಾರ ಬರುವಾಗ ತರ್ತೇನೆ. ಜ್ವರ ಬಂದಾಗಿನಿಂದ ಕೊಡ್ತಿದ್ದಾಳೆ."

"ನೀವು ಕುಡಿಯುವುದಿಲ್ವಾ?"

"ನಾನು ಕಾಫಿ. 'ಅದು ನಿಶಾಳದ್ದು, ನೀನು ಮುಟ್ಟಿ ಮುಗಿಸಬೇಡ' ಅಂದಿದ್ಲು ಅಕ್ಕ." ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. "ಮೇಡಂ, ಅಕ್ಕನ ಮೇಲೆ ಎಂತ ಯೋಚನೆ ಮಾಡ್ತಿದ್ದೀರಿ? ನೋವಿನ ಮಾತ್ರೆ ಮುಟ್ಟಬೇಡಿ ಅಂತ ಡಾಕ್ಟರು ಹೇಳಿದ್ದನ್ನು ನಮಗೆ ದಿನಾ ನೆನಪು ಮಾಡ್ತಿದ್ದವಳೇ ಅವಳು."

"ಹಾಗಾದರೆ ಅವರಿಗೆ ಗೊತ್ತಿತ್ತು."

ಅವನು ಎದ್ದು ಕುರ್ಚಿ ಹಿಂದೆ ತಳ್ಳಿ ಹೊರನಡೆದ.

ಅವನು ಹೋದ ಮೇಲೆ ಮಾತಿನ ಸಾರ ಕೇಳಿಕೊಂಡು ಫಾತಿಮಾ ಅಂದಳು, "ಗಂಡನೇ ಬೆರೆಸಿ ಅಕ್ಕನ ಮೇಲೆ ಹಾಕ್ತಿರಬಹುದಲ್ಲ ಮೇಡಂ?"

"ಬೆರೆಸಿದವನಾಗಿದ್ದರೆ ಅದೇ ಬಾಟಲಿಯಿಂದ ಪೊಲೀಸಿನವಳಿಗೆ ಕಷಾಯ ಮಾಡಿಕೊಡ್ತಿದ್ದನಾ? ಪಂಚನಾಮೆಯ ಹೊತ್ತಿಗೆ?"

ಶುಕ್ರವಾರ ಪ್ರಯೋಗಾಲಯದ ವರದಿ ಬಂತು. ಪುಡಿಯಲ್ಲಿ ಡೈಕ್ಲೋಫೆನಾಕ್ ಇತ್ತು. ಅಲ್ವಿನ್ ಅಂಗಡಿಯ ಮಾದರಿ ಶುದ್ಧ ಪ್ಯಾರಸಿಟಮಾಲ್. ಪ್ರಕರಣ ನಿರ್ಲಕ್ಷ್ಯದಿಂದ ಭಾರತೀಯ ದಂಡ ಸಂಹಿತೆಯ 328ಕ್ಕೆ ಬದಲಾಯಿತು, ವಿಷ ಉಣಿಸಿ ಅಪಾಯ ಮಾಡಿದ ಕಲಮು.

ಜುಲೈ 25ರ ಬೆಳಗಿನ ರೈಲಿನಲ್ಲಿ ಇಬ್ಬರೂ ತಿರುವನಂತಪುರಕ್ಕೆ ಹೊರಟರು. ಸುಧನ್ವ ಕೊಟ್ಟ ಫೋಟೊದಲ್ಲಿ ವಿಜಯಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗುವಿನ ಹುಟ್ಟುಹಬ್ಬ. ನಿಶಾ ಪಕ್ಕದಲ್ಲಿ ನೆಂಟರ ಹಾಗೆ ನಿಂತಿದ್ದಳು.

ಸ್ಥಳೀಯ ಠಾಣೆಗೆ ತಿಳಿಸಿ, ಪೂಜಪ್ಪುರದ ಮನೆಯ ಸುತ್ತಲಿನ ಮೆಡಿಕಲ್ ಶಾಪುಗಳನ್ನು ಮೊದಲು ವಿಚಾರಿಸಿದರು. ಮೂರನೆಯ ಅಂಗಡಿಯವನು ಫೋಟೊ ನೋಡಿ ತಲೆಯಾಡಿಸಿದ. "ಅತ್ತೆಯ ಮಂಡಿನೋವಿಗೆ ಅಂತ ಈ ಚೇಚಿ ಡೈಕ್ಲೋಫೆನಾಕ್ ಒಯ್ಯುತ್ತಾರೆ. ಒಂದು ತಿಂಗಳಿಂದ." ವಿಜಯಾಳ ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು.

ಬಾಗಿಲು ತೆರೆದದ್ದು ಅವಳ ಗಂಡ ಗಣಪತಿ, ಕೇಂದ್ರ ಸರಕಾರದ ಕಚೇರಿಯೊಂದರ ನೌಕರ. ಕೊಚ್ಚಿಯಿಂದ ಬಂದ ಪೊಲೀಸರು ಎಂದೊಡನೆ ಗಾಬರಿಯಾದ. "ನಿಶಾ ಹೇಗಿದ್ದಾಳೆ?" ವಿಜಯಾ ಒಳಗಿನಿಂದ ಬಂದಳು. ನಲವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಬಾಚಣಿಗೆ. ಮಗುವಿನ ಒಂದು ಜಡೆ ಮುಗಿದಿತ್ತು, ಇನ್ನೊಂದು ಅರ್ಧದಲ್ಲಿತ್ತು.

"ಕೂತ್ಕೊಳ್ಳಿ. ಇವಳ ಜಡೆ ಒಂದು ಮುಗಿಸಿಬಿಡ್ತೇನೆ. ಬೇರೆಯವರು ಹಾಕಿದರೆ ಇವಳಿಗೆ ಆಗುವುದಿಲ್ಲ. ಹೋದ ಸಲ ಅವಳಮ್ಮ ಹಾಕಿದ್ಲು, ಇವಳು ಬಿಚ್ಚಿಕೊಂಡು ನನ್ನ ಹತ್ರ ಓಡಿಬಂದ್ಲು." ಅಷ್ಟು ಹೇಳುವಾಗ ಅವಳ ಮುಖ ಬೆಳಗಿತು.

"ಮಗುವನ್ನು ಕೊಚ್ಚಿಗೆ ಕಳಿಸುವುದು ಅಂತ ಆಗಿತ್ತಂತೆ?"

"ಈಗ ಹೇಗೆ ಕಳಿಸುವುದು? ತಾಯಿಗೇ ನೆಟ್ಟಗಿಲ್ಲ."

ಕುಸುಮಾವತಿ ಚೀಲದಿಂದ ಕೆಂಪು ಮುಚ್ಚಳದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಬಾಟಲಿ ಅಂಗಡಿಯಿಂದ ತಂದ ಅಂಥದ್ದೇ ಇನ್ನೊಂದು, ಒಳಗಿದ್ದದ್ದು ಕುಸುಮಾವತಿಯ ಸ್ವಂತ ಮನೆಯ ಪುಡಿ. ಅದು ಆ ಕೋಣೆಯಲ್ಲಿ ಫಾತಿಮಾಳಿಗೆ ಮಾತ್ರ ಗೊತ್ತಿತ್ತು.

"ನಿಶಾಳ ಮನೆಯಲ್ಲಿ ಇದು ಉಳಿದಿತ್ತು. ಕೆಟ್ಟ ತಲೆನೋವು ಮಾರಾಯ್ರೇ, ಇದರದ್ದೇ ಒಂದು ಲೋಟ ಮಾಡಿಕೊಡ್ತೀರಾ?"

"ಹಳತು ಯಾಕೆ? ನಮ್ಮದು ಹೊಸತು ಉಂಟು."

"ಇದೇ ಆಗಲಿ. ನಿಶಾ ಹೊಗಳ್ತಿದ್ದರು."

ವಿಜಯಾ ಒಂದು ಗಳಿಗೆ ನಿಂತಳು. ಆಮೇಲೆ ಬಾಟಲಿ ಎತ್ತಿಕೊಂಡು ಒಳಗೆ ಹೋದಳು. ಎರಡು ಲೋಟ ಬಂತು. ಕುಸುಮಾವತಿ ತನ್ನದನ್ನು ಆರಿಸಿ ಕುಡಿದಳು. ಫಾತಿಮಾ ಎಂದಿನಂತೆ ಮುಟ್ಟಲಿಲ್ಲ. ಬಾಗಿಲ ಬಳಿ ಆಡುತ್ತಿದ್ದ ಚಿನ್ಮಯಿ ಓಡಿಬಂದು, "ಎನಿಕ್ಕುಂ ವೇಣಂ!" ಎಂದಳು. ನನಗೂ ಬೇಕು. ಫಾತಿಮಾಳ ಲೋಟ ಎರಡೂ ಕೈಯಲ್ಲಿ ಎತ್ತಿ ತುಟಿಗೆ ಒಯ್ದಳು.

"ಬೇಡ ಮಗಾ!"

ವಿಜಯಾ ಹಾರಿ ಹೊಡೆದ ಏಟಿಗೆ ಲೋಟ ಗೋಡೆಗೆ ಬಡಿದು ಉರುಳಿತು. ಮಗು ಹೋ ಎಂದು ಅತ್ತಿತು. ಗಣಪತಿ ಎದ್ದು ನಿಂತ. "ಎಂತ ಆಯ್ತೇ? ಕಷಾಯ ಅಲ್ವಾ?"

"ಬಿಸಿ ಇತ್ತು," ಎಂದಳು ವಿಜಯಾ.

"ಆರಿತ್ತು. ನಾನು ಕುಡಿದು ಮುಗಿಸಿದ್ದೇನೆ," ಎಂದಳು ಕುಸುಮಾವತಿ. "ನಾವು ಕುಡಿದರೆ ಪರವಾಗಿಲ್ವಾ, ವಿಜಯಕ್ಕಾ?"

ವಿಜಯಾ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ತಟ್ಟುತ್ತ ತಟ್ಟುತ್ತ, ಅಳು ನಿಲ್ಲುವವರೆಗೆ ಕೋಣೆಯಲ್ಲಿ ಅತ್ತಿಂದಿತ್ತ ನಡೆದಳು. ಆಮೇಲೆ ಗಂಡನ ಕೈಗೆ ಕೊಟ್ಟು, "ಕೆಳಗೆ ಉಯ್ಯಾಲೆ ಹತ್ರ ಕರ್ಕೊಂಡು ಹೋಗಿ" ಎಂದಳು. ಗಣಪತಿ ಅವಳ ಮುಖವನ್ನೊಮ್ಮೆ ನೋಡಿ, ಮಗುವನ್ನು ಎತ್ತಿಕೊಂಡು ಹೋದ.

"ಕೊಲ್ಲಲಿಕ್ಕೆ ಅಲ್ಲ," ಎಂದಳು ವಿಜಯಾ. "ದೇವರಾಣೆ ಅಲ್ಲ. ಒಂದು ವರ್ಷ ಹುಷಾರಿಲ್ಲದೆ ಇರಲಿ ಅಂದ್ಕೊಂಡೆ."

"ಆ ವರ್ಷ ಮುಗಿದ ಮೇಲೆ?"

"ಇನ್ನೊಂದು ವರ್ಷ." ಕೆಳಗಿನಿಂದ ಉಯ್ಯಾಲೆಯ ಕಿರಕಿರ ಕೇಳುತ್ತಿತ್ತು. ಅವಳು ಅದನ್ನು ಕೇಳಿಸಿಕೊಳ್ಳುತ್ತಲೇ ಮಾತಾಡಿದಳು. "ಬರುವಾಗ ಅದಕ್ಕೆ ಮಾತು ಸರಿಯಾಗಿ ಬರ್ತಿರಲಿಲ್ಲ. ಮಾತು ಕಲಿಸಿದ್ದು ನಾನು. ನಿದ್ದೆಯಲ್ಲಿ ಹೆದರಿದರೆ ಅದರ ಕೈ ನನ್ನ ಸೆರಗು ಹುಡುಕ್ತದೆ. ಜೂನ್‌ನಲ್ಲಿ ಒಂದು ದಿನ ಫೋನ್ ಇಟ್ಟು ಬಂದು ಕೇಳಿತು, ನಾನು ಕೊಚ್ಚಿ ಅಮ್ಮನ ಹೊಟ್ಟೆಯಲ್ಲೇ ಇದ್ದದ್ದಾ ಅಂತ. ಹೌದು ಅಂದೆ. 'ಹಾಗಾದರೆ ನೀನು ಯಾರು?' ಅಂತ ಕೇಳಿತು. ಮರುದಿನವೇ ಮೆಡಿಕಲ್ಲಿಗೆ ಹೋದೆ."

"ಯಾವ ಮಾತ್ರೆ ಅಂತ ಹೇಗೆ ಗೊತ್ತು?"

"ಡಾಕ್ಟರೇ ಹೇಳಿದ್ದಲ್ವಾ, ಯಾವುದನ್ನು ಕೊಡಬಾರದು ಅಂತ."

ಅಡುಗೆಮನೆಯಲ್ಲಿ ಎರಡು ಡಬ್ಬಿ ಸಿಕ್ಕಿದವು. ಒಂದು ಮನೆಯವರದು. ಇನ್ನೊಂದು ಮಗುವಿನ ಕೈಗೆ ಎಟುಕದ ಮೇಲಿನ ಹಲಗೆಯಲ್ಲಿ, ಅಕ್ಕಿ ಡ್ರಮ್ಮಿನ ಹಿಂದೆ. ಪಂಚನಾಮೆ ಮುಗಿದು, ಸಂಜೆ ನಾಲ್ಕಕ್ಕೆ ಇಬ್ಬರು ಮಹಿಳಾ ಪೊಲೀಸರ ಸಮಕ್ಷಮ ವಿಜಯಾಳ ಬಂಧನವಾಯಿತು. ಮಗು ಇನ್ನೂ ಉಯ್ಯಾಲೆಯಲ್ಲಿತ್ತು. ಜೀಪನ್ನು ಹಿಂದಿನ ಗೇಟಿನಿಂದ ಒಯ್ಯಲು ಕುಸುಮಾವತಿ ಹೇಳಿದಳು. ಹಾಗೆ ಕೇಳಿಕೊಂಡದ್ದು ವಿಜಯಾ.

ನಿಶಾಳ ಮೂತ್ರಪಿಂಡಗಳು ನಿಧಾನಕ್ಕೆ ಚೇತರಿಸಿಕೊಂಡವು. ಆಗಸ್ಟ್ ಕೊನೆಗೆ ಡಯಾಲಿಸಿಸ್ ನಿಂತಿತು, ಮಗಳು ಮನೆಗೆ ಬಂದಳು. ಒಂದು ವಾರ ಕಳೆದ ಮೇಲೆ ನಿಶಾ ಠಾಣೆಗೆ ಫೋನ್ ಮಾಡಿದಳು.

"ಮೇಡಂ, ಒಂದು ಕೇಳಬೇಕಿತ್ತು. ನಗಬೇಡಿ. ಚಿನ್ಮಯಿ ಊಟ ಮಾಡ್ತಾ ಇಲ್ಲ. ಬಾಯಿಗಿಟ್ಟದ್ದನ್ನು ಉಗುಳ್ತಾಳೆ, 'ಅಮ್ಮನ ಅನ್ನ' ಬೇಕಂತೆ. ಇವರಿಗೆ ಗೊತ್ತಿಲ್ಲ, ಗಣಪತಿ ಅಣ್ಣನಿಗೂ ಗೊತ್ತಿಲ್ಲ. ನೀವು ಸಬ್ ಜೈಲಿಗೆ ಹೋದರೆ… ಅವರು ಅನ್ನ ಹೇಗೆ ಕಲಸಿ ಕೊಡ್ತಿದ್ದರು ಅಂತ ಕೇಳಬಹುದಾ?"

ಕಾಗದವೊಂದಕ್ಕೆ ವಿಜಯಾಳ ಸಹಿ ಬೇಕಿತ್ತು. ಕುಸುಮಾವತಿ ಹೋದಳು. ಸಹಿಯಾದ ಮೇಲೆ ಕೇಳಿದಳು.

ವಿಜಯಾ ತಲೆಯೆತ್ತಿದಳು. "ಅವಳೇ ಕೇಳಿ ಕಳಿಸಿದ್ದಾ?"

"ಹೌದು."

"ನಿಶಾಳೇ? ನಮ್ಮ ಸುಧನ್ವ ಅಲ್ಲ ತಾನೇ?"

"ನಿಶಾಳೇ."

ತಿಂಗಳಿಂದ ಬತ್ತಿದ್ದ ಆ ಮುಖದಲ್ಲಿ ರಕ್ತ ಆಡಿತು. ಅವಳು ಸರಿಯಾಗಿ ಕೂತು, ಎದುರಿಗೆ ಬಟ್ಟಲಿದೆಯೇನೋ ಎಂಬಂತೆ ಬೆರಳು ಆಡಿಸುತ್ತ ಹೇಳತೊಡಗಿದಳು. ಅನ್ನ ಬಿಸಿಯಿರುವಾಗಲೇ ಬೆರಳಲ್ಲಿ ನುರಿಯಬೇಕು. ತೊವ್ವೆ ತೆಳ್ಳಗಿರಬಾರದು. ತುಪ್ಪ ಮೊದಲು, ಉಪ್ಪು ಆಮೇಲೆ. ತುತ್ತು ನೆಲ್ಲಿಕಾಯಿಯಷ್ಟು. ಅಲ್ಲಿಗೆ ಬೆರಳು ನಿಂತವು.

"ಅದಕ್ಕೆ ಇನ್ನೊಂದು ಸೇರಿಸ್ತೇನೆ. ಅದಿಲ್ಲದಿದ್ರೆ ಅವಳು ನುಂಗುವುದಿಲ್ಲ."

"ಎಂತದು?"

"ಅದನ್ನು ಕೇಳಲಿಕ್ಕೆ ಅವಳೇ ಬರಲಿ."

ಅಷ್ಟು ಹೇಳಿ ಅವಳು ಎದ್ದು ಬೆನ್ನು ತಿರುಗಿಸಿದಳು. ಹೊರಗೆ ಬಂದು ಜೀಪಿಗೆ ಒರಗಿ ಕುಸುಮಾವತಿ ನಿಶಾಳಿಗೆ ಫೋನ್ ಮಾಡಿದಳು. ಕೇಳಿದ್ದನ್ನೆಲ್ಲ ಹೇಳಿದಳು, ಕೊನೆಯ ಮಾತನ್ನೂ ಬಿಡಲಿಲ್ಲ. ಆ ಕಡೆ ಹಿನ್ನೆಲೆಯಲ್ಲಿ ಮಗು ಬಟ್ಟಲನ್ನು ನೆಲಕ್ಕೆ ಕುಟ್ಟುತ್ತಿತ್ತು.

"ಮೇಡಂ," ಎಂದಳು ನಿಶಾ, "ಅಲ್ಲಿ ಭೇಟಿಗೆ ಯಾವ ದಿನ ಬಿಡ್ತಾರೆ?"